ಜಾವಾ ತಂಡಕ್ಕೆ ಐದು ದಿನದಲ್ಲಿ ರಸ್ಟ್: ಏನು ಕಲಿಸೋದು, ಏನು ಬಿಡೋದು?

ಶೂನ್ಯಸೂಚಿ:
ತಂಡದಲ್ಲಿ ಎಂಟು ಜನ. ಎಲ್ಲರೂ ಜಾವಾದಲ್ಲಿ ಪಳಗಿದವರು, ಸಿ ಬರೆದವರು ಯಾರೂ ಇಲ್ಲ. ಹೊಸ ಸರ್ವೀಸ್ ರಸ್ಟ್ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಆಗಬೇಕು ಅಂತ ತೀರ್ಮಾನವಾಗಿದೆ. ತರಬೇತಿಗೆ ಸಿಕ್ಕಿರೋದು ಐದೇ ದಿನ. ಯಾವುದಕ್ಕೆ ಎಷ್ಟು ಹೊತ್ತು ಕೊಡಬೇಕು? ಅಸಿಂಕ್ (ಒಂದು ಕೆಲಸ ಕಾಯುವಾಗ ಇನ್ನೊಂದನ್ನು ಓಡಿಸೋ ಶೈಲಿ) ಕೂಡ ಇದರಲ್ಲೇ ಮುಗಿಸೋಕೆ ಆಗುತ್ತಾ?

ಅರ್ಧವಿರಾಮ:
ಸಿಂಟ್ಯಾಕ್ಸ್‌ಗೆ ಅರ್ಧ ದಿನ ಸಾಕು. ಮ್ಯಾಚ್, ಸ್ಟ್ರಕ್ಟ್, ಇನಮ್, ನಲ್ ಬದಲು ಆಪ್ಷನ್ ಇವೆಲ್ಲ ಜಾವಾ ಬಲ್ಲವರಿಗೆ ನೀರು ಕುಡಿದಷ್ಟು ಸುಲಭ. ತಲೆ ಕೆಡಿಸೋದು ಓನರ್‌ಶಿಪ್, ಅಂದ್ರೆ ಒಂದು ಡೇಟಾಗೆ ಒಬ್ಬನೇ ಒಡೆಯ ಅನ್ನೋ ನಿಯಮ. ಮೊದಲ ದಿನ ಮಧ್ಯಾಹ್ನದಿಂದ ಎರಡನೇ ದಿನ ಸಂಜೆವರೆಗೆ ಅದಕ್ಕೇ ಮೀಸಲಿಡಿ.

‘ಎ’ ಅನ್ನೋ ವೇರಿಯಬಲ್‌ನಲ್ಲಿ ಒಂದು ಸ್ಟ್ರಿಂಗ್ ಇಟ್ಟು, ಅದನ್ನು ‘ಬಿ’ಗೆ ಅಸೈನ್ ಮಾಡಿ, ಆಮೇಲೆ ‘ಎ’ ಪ್ರಿಂಟ್ ಮಾಡಿಸಿ. ಇ0382 ಎರರ್ ಬರುತ್ತೆ. ಜಾವಾದಲ್ಲಾದರೆ ಎರಡೂ ಒಂದೇ ಆಬ್ಜೆಕ್ಟನ್ನು ತೋರಿಸುತ್ತಿದ್ದವು. ಇಲ್ಲಿ ಒಡೆತನ ‘ಬಿ’ಗೆ ಹೋಯ್ತು, ‘ಎ’ ಮುಟ್ಟೋ ಹಾಗಿಲ್ಲ. ಸ್ಟ್ರಿಂಗ್ ಜಾಗದಲ್ಲಿ ಐ32 (32 ಬಿಟ್ ಪೂರ್ಣಾಂಕ) ಇಟ್ಟರೆ ಅದೇ ಕೋಡ್ ತಕರಾರಿಲ್ಲದೆ ಓಡುತ್ತೆ, ಯಾಕಂದ್ರೆ ಅದು ಕಾಪಿ ಟೈಪ್, ಅಸೈನ್ ಮಾಡಿದಾಗ ನಕಲಾಗುತ್ತೆ. ಎರಡನ್ನೂ ಅಕ್ಕಪಕ್ಕ ತೋರಿಸದಿದ್ದರೆ ವಾರಪೂರ್ತಿ ಗೊಂದಲ ತಪ್ಪಲ್ಲ.

ಬಾರೋಯಿಂಗ್‌ಗೆ (ಒಡೆತನ ತಗೊಳ್ಳದೆ ರೆಫರೆನ್ಸ್ ಮೂಲಕ ಬಳಸೋದು) ವೆಕ್ಟರ್, ಅಂದ್ರೆ ಬೆಳೆಯೋ ಪಟ್ಟಿಯ ಉದಾಹರಣೆ ತಗೊಳ್ಳಿ. ಮೊದಲ ಎಲಿಮೆಂಟ್‌ಗೆ ರೆಫರೆನ್ಸ್ ಹಿಡಿದು, ವೆಕ್ಟರ್‌ಗೆ ಪುಶ್ ಮಾಡಿ, ಆಮೇಲೆ ಆ ರೆಫರೆನ್ಸ್ ಬಳಸಿ: ಇ0502. ರೆಫರೆನ್ಸ್ ಬಳಕೆಯಲ್ಲಿರುವಾಗ ವೆಕ್ಟರ್ ಬದಲಿಸುವಂತಿಲ್ಲ ಅಂತ ಬರೀ ನಿಯಮ ಹೇಳಿ ಬಿಡಬೇಡಿ, ಕಾರಣ ಹೇಳಿ. ಪುಶ್ ಮಾಡುವಾಗ ಜಾಗ ಸಾಲದಿದ್ದರೆ ವೆಕ್ಟರ್ ಮೆಮೊರಿಯಲ್ಲಿ ಬೇರೆ ಕಡೆ ಹೋಗುತ್ತೆ, ಹಳೇ ರೆಫರೆನ್ಸ್ ಬಿಡುಗಡೆಯಾದ ಮೆಮೊರಿಯನ್ನೇ ತೋರಿಸ್ತಾ ಉಳಿಯುತ್ತೆ. ಇದು ಹೊಳೆದ ಮೇಲೆ ಕಂಪೈಲರ್ ಮೇಲಿನ ಸಿಟ್ಟು ತಾನಾಗೇ ಇಳಿಯುತ್ತೆ.

ಮೂರನೇ ದಿನ ರಿಸಲ್ಟ್ (ಫಲಿತಾಂಶ ಅಥವಾ ಎರರ್ ಹೊರುವ ಟೈಪ್), ಎರರನ್ನು ಕರೆದವರಿಗೇ ವಾಪಸ್ ಕೊಡೋ ಪ್ರಶ್ನಾರ್ಥಕ ಚಿಹ್ನೆಯ ಆಪರೇಟರ್, ಟ್ರೇಟ್ (ಜಾವಾದ ಇಂಟರ್‌ಫೇಸ್‌ನಂಥದ್ದು). ನಾಲ್ಕನೇ ದಿನ ಇಟರೇಟರ್, ಆರ್ಕ್ (ಥ್ರೆಡ್‌ಗಳ ನಡುವೆ ಹಂಚಿಕೊಳ್ಳೋ ಪಾಯಿಂಟರ್), ಮ್ಯೂಟೆಕ್ಸ್ (ಒಬ್ಬರಿಗೇ ಬಿಡೋ ಲಾಕ್), ಟೆಸ್ಟ್. ಕೊನೆಯ ದಿನ ಪಾಠ ಬೇಡ. ನಿಮ್ಮದೇ ಲಾಗ್ ಫೈಲ್ ಓದಿ, ಯಾವ ಎರರ್ ಎಷ್ಟು ಸಲ ಬಂದಿದೆ ಅಂತ ಎಣಿಸೋ 150 ಸಾಲಿನ ಟೂಲ್ ಬರೆಸಿ.

ಮರುಕರೆ:
ಮೇಲಿನದಕ್ಕೆ ಬಹುತೇಕ ಒಪ್ಪಿಗೆ. ರೆಫರೆನ್ಸ್ ಎಷ್ಟು ಹೊತ್ತು ಬದುಕಿರುತ್ತೆ ಅಂತ ತೋರಿಸೋ ಲೈಫ್‌ಟೈಮ್ ಚಿಹ್ನೆಗಳನ್ನು ಮಾತ್ರ ಎರಡನೇ ದಿನಕ್ಕೆ ಎಳೆದು ತರಬೇಡಿ. ಸ್ಟ್ರಕ್ಟ್ ಒಳಗೆ ರೆಫರೆನ್ಸ್ ಇಡದೆ ಸ್ಟ್ರಿಂಗನ್ನೇ ಇಟ್ಟರೆ ಮೊದಲ ವಾರ ಅದರ ಅಗತ್ಯವೇ ಬೀಳಲ್ಲ.

ಕ್ಲೋನ್ (ಡೇಟಾದ ನಕಲು) ಮಾಡಿದವರನ್ನು ಬೈಯೋದೂ ಬೇಡ. ಆರಂಭದಲ್ಲಿ ಅದು ಸರಿಯಾದ ಊರುಗೋಲು. ನಾಲ್ಕನೇ ದಿನ ಕೋಡ್‌ನಲ್ಲಿ ಕ್ಲೋನ್ ಹುಡುಕಿಸಿ, ಯಾವುದನ್ನು ತೆಗೀಬಹುದು ಅಂತ ಒಂದೊಂದಾಗಿ ನೋಡಿಸಿ. ಹುಷಾರಾಗಿರಬೇಕಾದ್ದು ರೆಫ್‌ಸೆಲ್ ವಿಷಯದಲ್ಲಿ. ಜಾವಾದವರು ಎಲ್ಲವನ್ನೂ ಆರ್‌ಸಿ (ಒಡೆತನ ಹಂಚಿಕೊಳ್ಳೋ ಪಾಯಿಂಟರ್), ರೆಫ್‌ಸೆಲ್ (ಹಂಚಿಕೊಂಡಿದ್ದನ್ನೂ ಬದಲಿಸಲು ಬಿಡೋ ಟೈಪ್) ಒಳಗೆ ಸುತ್ತಿ ಹಳೇ ಶೈಲಿಯಲ್ಲೇ ಬರೆಯೋಕೆ ಹೋಗ್ತಾರೆ. ಕಂಪೈಲ್ ಆಗುತ್ತೆ, ಆದರೆ ಬಾರೋ ನಿಯಮದ ತಪಾಸಣೆ ರನ್‌ಟೈಮ್‌ಗೆ ಸರಿಯುತ್ತೆ: ಒಂದು ಮ್ಯೂಟಬಲ್ ಬಾರೋ ಬದುಕಿರುವಾಗಲೇ ಇನ್ನೊಂದು ತಗೊಂಡರೆ ಪ್ರೋಗ್ರಾಂ ಪ್ಯಾನಿಕ್ ಆಗಿ ಬೀಳುತ್ತೆ.

ಅಭ್ಯಾಸಕ್ಕೆ ಲಿಂಕ್ಡ್ ಲಿಸ್ಟ್ ಅಂತೂ ಬೇಡವೇ ಬೇಡ. ಡಬ್ಲಿ ಲಿಂಕ್ಡ್ (ಹಿಂದೆ ಮುಂದೆ ಎರಡೂ ಕಡೆ ಕೊಂಡಿ) ಆದರೆ ಒಂದೊಂದು ನೋಡ್‌ಗೂ ಇಬ್ಬರು ಒಡೆಯರು, ರಸ್ಟ್‌ಗೆ ಅದು ಹಿಡಿಸಲ್ಲ.

ಟ್ಯಾಬ್‌ಪ್ರಿಯ:
ಪಾಠ 40 ನಿಮಿಷ ದಾಟದಿರಲಿ, ಅಭ್ಯಾಸಕ್ಕೆ ಕನಿಷ್ಠ ಒಂದು ಗಂಟೆ. ಇಬ್ಬಿಬ್ಬರನ್ನು ಕೂರಿಸಿ. ಕಲಿಸೋರು ಕೀಬೋರ್ಡ್ ಮುಟ್ಟಬಾರದು, ಎರರ್ ಮೆಸೇಜನ್ನು ಕಲಿಯೋರೇ ಜೋರಾಗಿ ಓದಬೇಕು. ರಸ್ಟ್ ಕಂಪೈಲರ್ ಎಷ್ಟೋ ಸಲ ಪರಿಹಾರವನ್ನೂ ಅಲ್ಲೇ ಬರೆದಿರುತ್ತೆ. ಎಐ ಕೋಡ್ ಸಲಹೆ ಮೊದಲ ಮೂರು ದಿನ ಆಫ್.

ರಸ್ಟ್‌ಅಪ್ (ರಸ್ಟ್‌ನ ಇನ್‌ಸ್ಟಾಲರ್), ರಸ್ಟ್ ಅನಲೈಸರ್ (ಎಡಿಟರ್‌ಗೆ ನೆರವಾಗೋ ಟೂಲ್) ಹಿಂದಿನ ವಾರವೇ ಹಾಕಿಸಿ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ವಿಷುವಲ್ ಸ್ಟುಡಿಯೋದ ಸಿ++ ಬಿಲ್ಡ್ ಟೂಲ್ಸ್ ಬೇಕು, ಅದು ಜಿಬಿಗಟ್ಟಲೆ ಡೌನ್‌ಲೋಡ್. ಲಿನಕ್ಸ್‌ನಲ್ಲಿ ಜಿಸಿಸಿಯಂಥ ಸಿ ಕಂಪೈಲರ್ ಇಲ್ಲದಿದ್ದರೆ ಲಿಂಕರ್ ಸಿಗಲಿಲ್ಲ ಅಂತ ಮೊದಲ ಬಿಲ್ಡೇ ನಿಲ್ಲುತ್ತೆ. ಹೊಸದಾಗಿ ಸ್ಲೈಡ್ ಮಾಡ್ತಾ ಕೂರಬೇಡಿ, ಗೂಗಲ್‌ನ ಆಂಡ್ರಾಯ್ಡ್ ತಂಡ ತಯಾರಿಸಿದ ರಸ್ಟ್ ಕೋರ್ಸ್ ಉಚಿತವಾಗಿದೆ.

ಶೂನ್ಯಸೂಚಿ:
ತುಂಬಾ ಉಪಯೋಗ ಆಯ್ತು. ಅಸಿಂಕ್ ಬಗ್ಗೆ ಯಾರೂ ಹೇಳಲಿಲ್ಲ?

ಅರ್ಧವಿರಾಮ:
ಈ ಐದು ದಿನದಲ್ಲಿ ಬೇಡ. ಎರಡು ವಾರ ಬಿಟ್ಟು, ಅಸಿಂಕ್ ಕೋಡ್ ಓಡಿಸೋ ಟೋಕಿಯೋ ಲೈಬ್ರರಿ ಜೊತೆ ಬೇರೆಯಾಗಿ ಒಂದು ದಿನ ಇಡಿ. ಮೊದಲ ಪೆಟ್ಟು ಎಲ್ಲಿ ಬೀಳುತ್ತೆ ಅಂತ ಈಗಲೇ ಹೇಳಬಹುದು: ಸ್ಟ್ಯಾಂಡರ್ಡ್ ಲೈಬ್ರರಿಯ ಮ್ಯೂಟೆಕ್ಸ್ ಲಾಕ್ ಹಿಡಿದುಕೊಂಡೇ ಅವೇಟ್ (ಕಾಯೋ ಜಾಗ) ದಾಟಿದರೆ ಆ ಫ್ಯೂಚರ್ (ಅಸಿಂಕ್ ಕೆಲಸ) ‘ಸೆಂಡ್’ ಆಗಲ್ಲ, ಅಂದ್ರೆ ಬೇರೆ ಥ್ರೆಡ್‌ಗೆ ಸಾಗಿಸೋಕೆ ಆಗಲ್ಲ, ಕೆಲಸ ಶುರು ಮಾಡಿಸೋ ಟೋಕಿಯೋ ಸ್ಪಾನ್ ಅದನ್ನು ಒಪ್ಪಲ್ಲ. ಲಾಕ್ ಬೇಕಾದ ಸಾಲುಗಳನ್ನು ಪುಟ್ಟ ಬ್ಲಾಕ್‌ನಲ್ಲಿಟ್ಟು, ಅವೇಟ್‌ಗೆ ಮುಂಚೆ ಆ ಬ್ಲಾಕ್ ಮುಗಿಸಿ.