ಬೋರ್ಡಿಗೆ ಪದ ಬೇಕು: ಅರಿವಳಿಕೆ, ನೋವು ನಿರ್ವಹಣೆ ಸರಿಯೇ?

ಹುಬ್ಬಳ್ಳಿಯಿಂದ:
ನಾಳೆ ಸಂಜೆಯೊಳಗೆ ಬೇಕು, ಪೇಂಟರ್ ಗಂಟುಬಿದ್ದಿದ್ದಾನೆ. ನಮ್ಮ ವೈನಿ (ಅತ್ತಿಗೆ) ಮಕ್ಕಳ ಆಪರೇಷನ್‌ಗೆ ಅನಸ್ತೇಷಿಯಾ ಕೊಡುವ ಡಾಕ್ಟರು. ಎಂ.ಡಿ. ಮುಗಿಸಿ ಇಪ್ಪತ್ತು ವರ್ಷ ಮಕ್ಕಳನ್ನು ಮಲಗಿಸಿ ಎಬ್ಬಿಸಿದ್ದಾಯಿತು. ಈಗ ಎದ್ದ ಮೇಲಿನ ನೋವೇ ಅವರ ತಲೆ ತಿನ್ನುತ್ತಿದೆ. ಅದಕ್ಕಂತಲೇ ಒಂದು ಕೋಣೆ ತೆರೆಯುತ್ತಿದ್ದಾರೆ. ‘ಮಕ್ಕಳ ಅರಿವಳಿಕೆ ಮತ್ತು ನೋವು ನಿರ್ವಹಣಾ ಕೇಂದ್ರ’ ಎಂದು ಬರೆದುಕೊಟ್ಟಿದ್ದೇನೆ. ಸರಿಯೇ?

ಇನ್ನೊಂದು. ಮಾತು ಬಾರದ ಕೂಸಿನ ನೋವು ಅಳೆಯುವ ‘ಫ್ಲಾಕ್’ ಪಟ್ಟಿಯನ್ನು ತಾಯಂದಿರಿಗಾಗಿ ಕನ್ನಡ ಮಾಡುತ್ತಿದ್ದೇನೆ. ಮುಖ, ಕಾಲು, ಚಡಪಡಿಕೆ, ಅಳು. ಒಂದೊಂದಕ್ಕೂ 0, 1 ಇಲ್ಲವೇ 2 ಅಂಕ. ಐದನೆಯದು ‘ಕನ್ಸೋಲೆಬಿಲಿಟಿ’. ಅಲ್ಲೇ ಸಿಕ್ಕಿಬಿದ್ದೆ. ‘ಸಾಂತ್ವನಶೀಲತೆ’ ಎಂದು ಬರೆದು ನಾನೇ ಹೊಡೆದುಹಾಕಿದೆ.

ಧಾರವಾಡದಿಂದ:
‘ಅರಿವಳಿಕೆ’ ಬೇಡವೇ ಬೇಡ. ತಿಳಿವಳಿಕೆ, ನಡವಳಿಕೆ ಓದಿದ ಕಣ್ಣಿಗೆ ಇದೂ ‘ವಳಿಕೆ’ಯೇ. ಅರಿವು ಕಳೆಯುವ ಪದ ಅರಿವು ಕೊಡುವಂತೆ ಕೇಳುತ್ತದೆ. ಮಕ್ಕಳಿಗೆ ಬುದ್ಧಿ ಹೇಳುವ ಜಾಗ ಅಂದುಕೊಂಡಾರು. ಸುಮ್ನೆ ಅನಸ್ತೇಷಿಯಾ ಅನ್ನಿ. 1846ರಲ್ಲಿ ಅಮೆರಿಕದ ಡಾಕ್ಟರ್ ಆಲಿವರ್ ವೆಂಡೆಲ್ ಹೋಮ್ಸ್ ಅದನ್ನು ಗ್ರೀಕಿನಿಂದ ಎತ್ತಿ ಸೂಚಿಸಿದ. ಇಂಗ್ಲಿಷಿನವರೇ ಸಾಲ ತಂದ ಪದ, ನಮಗೇನು ನಾಚಿಕೆ?

ಗದಗಿನಿಂದ:
ಅರಿವು + ಅಳಿಕೆ. ಲೋಪಸಂಧಿ. ಗೊಂದಲ ಪದದಲ್ಲಿಲ್ಲ, ಓದುವವರಲ್ಲಿದೆ. ತೆಗೆಯಬೇಕಾದ್ದು ‘ನಿರ್ವಹಣೆ’. ಕೆರೆ ನಿರ್ವಹಣೆ, ರಸ್ತೆ ನಿರ್ವಹಣೆ ಅಂದರೆ ಹಾಳಾಗದಂತೆ ನೋಡಿಕೊಳ್ಳುವುದು. ನೋವನ್ನೂ ಹಾಗೇ ನೋಡಿಕೊಳ್ಳುತ್ತಾರಾ? ‘ಬೇನೆ’ ಹಿಡಿಯಿರಿ. ಅಚ್ಚಗನ್ನಡ.

ಧಾರವಾಡದಿಂದ:
ಅಚ್ಚಗನ್ನಡವಂತೆ! ಬೇನೆ ‘ವೇದನೆ’ಯ ತದ್ಭವ. ಅಚ್ಚಗನ್ನಡ ಬೇಕಿದ್ದರೆ ‘ನೋವು’ ಇದೆಯಲ್ಲ. ಅದೂ ಅಲ್ಲದೆ ನಮ್ಮ ಕಡೆ ‘ಬ್ಯಾನಿ ತಿನ್ನಾಕತ್ತಾಳ’ ಅಂದರೆ ಹೆರಿಗೆ. ಬೋರ್ಡ್ ನೋಡಿ ಬಸುರಿಯರು ಸಾಲು ಹಚ್ಚಿಯಾರು.

ಗದಗಿನಿಂದ:
ಸಾವಿರ ವರ್ಷ ಬಾಳಿದ ತದ್ಭವ ಹೊರಗಿನದು, ನಿನ್ನೆ ಬಂದ ಅನಸ್ತೇಷಿಯಾ ಮನೆಯದು. ಚಲೋ ನ್ಯಾಯ. ಮರಾಠಿಯವರು ‘ಭೂಲ್’ ಎಂಬ ಮನೆಮಾತಿಂದಲೇ ಭೂಲತಜ್ಞ ಕಟ್ಟಿಕೊಂಡರು. ನಮಗೆ ಮಾತ್ರ ಸಾಲವೇ ಗತಿ. ಇನ್ನು ಬರೆಯುವುದಿಲ್ಲ.

ಹುಬ್ಬಳ್ಳಿಯಿಂದ:
ನಿಮ್ಮ ಜಗಳ ಮುಗಿಯುವ ಮುಂಚೆ ಪೇಂಟರ್ ಬಂದ. ವೈನಿ ‘ನೋವು’ ಬಿಡಲು ಒಪ್ಪಲೇ ಇಲ್ಲ. 1980ರ ದಶಕದವರೆಗೂ ಹಸುಗೂಸಿಗೆ ನೋವು ಅಷ್ಟಾಗಿ ಗೊತ್ತಾಗುವುದಿಲ್ಲ ಎಂದು ಎಷ್ಟೋ ಡಾಕ್ಟರುಗಳೇ ನಂಬಿ, ಅರೆಬರೆ ಅನಸ್ತೇಷಿಯಾದಲ್ಲಿ ಆಪರೇಷನ್ ಮಾಡುತ್ತಿದ್ದರಂತೆ. 1987ರಲ್ಲಿ ಕೆ.ಜೆ.ಎಸ್. ಆನಂದ್ ಎಂಬ ಡಾಕ್ಟರು ಮತ್ತು ಜೊತೆಗಾರರು, ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಫೆಂಟನಿಲ್ ಎಂಬ ನೋವಿನ ಮದ್ದು ಕೊಟ್ಟರೆ ಆಪರೇಷನ್ನಿನ ಪೆಟ್ಟು ಮೈಗೆ ಕಡಿಮೆ ತಾಗುತ್ತದೆ ಎಂದು ತೋರಿಸಿದರು. ‘ಅದೊಂದು ಪದ ದೊಡ್ಡ ಅಕ್ಷರದಾಗ ಇರಲಿ’ ಅಂದರು ವೈನಿ. ಬೋರ್ಡಿನಲ್ಲಿ ಈಗ ‘ಮಕ್ಕಳ ಅನಸ್ತೇಷಿಯಾ, ನೋವಿನ ಆರೈಕೆ’ ಎಂದಿದೆ. ಗದಗಿನವರು ಸಿಟ್ಟಾಗಬಾರದು.

ಐದನೆಯ ಸಾಲನ್ನು ಯಾರೂ ಮುಟ್ಟಲಿಲ್ಲ, ಅಲ್ವಾ? ಅವ್ವನಿಗೆ ಪಟ್ಟಿ ಓದಿ ಹೇಳಿದೆ. ‘ರಮಿಸಿದ್ರ ಸುಮ್ನ ಆಗತೈತೇನು ಅಂತ ಕೇಳಬೇಕಪಾ’ ಅಂದಳು. ಹಾಗೇ ಬರೆದೆ. ರಮಿಸಿದಾಗ ಸುಮ್ಮನಾದರೆ 1, ಏನು ಮಾಡಿದರೂ ಆಗದಿದ್ದರೆ 2.

ಧಾರವಾಡದಿಂದ:
‘ರಮಿಸು’ ಕೂಡ ಸಂಸ್ಕೃತದ್ದೇ. ರಮ್ ಧಾತು.