ಹೆರಿಗೆ ರಜೆ ಮುಗಿಯುವ ಮುಂಚೆಯೇ ಕೆಲಸಕ್ಕೆ ಹೋಗಲಾ? ಸಹಾಯ ಬೇಕು

ಮಗಳಿಗೆ ಈಗ ಮೂರೂವರೆ ತಿಂಗಳು. ನನ್ನ ರಜೆ ಇನ್ನೂ 10 ವಾರ ಇದೆ. ಆದರೆ ನಾನೇ ಶುರು ಮಾಡಿದ ಪ್ರಾಜೆಕ್ಟ್ ಬೇರೆಯವರ ಕೈಗೆ ಹೋಗುತ್ತಿದೆ. ಮುಂದಿನ ತಿಂಗಳೇ ಬರೋಕಾಗುತ್ತಾ ಅಂತ ಮ್ಯಾನೇಜರ್ ಕೇಳಿದ್ದಾರೆ. ಒತ್ತಾಯವೇನಿಲ್ಲ. ಕೆಲಸ ನನಗೂ ತುಂಬಾ ಇಷ್ಟ, ಅದಕ್ಕೇ ಈ ಒದ್ದಾಟ.

ಮೊದಲ 6 ತಿಂಗಳು ಎದೆಹಾಲು ಮಾತ್ರ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಲು ತೆಗೆದು ಫ್ರಿಜ್‌ನಲ್ಲಿಟ್ಟರೆ 4 ದಿನ ಕೆಡುವುದಿಲ್ಲ, ಅದೂ ಗೊತ್ತು. ಆದರೆ ಇವಳು ಬಾಟಲಿಯನ್ನು ನಾಲಿಗೆಯಿಂದ ತಳ್ಳಿ, ನನ್ನ ಎದೆಗೆ ಮುಖ ಒತ್ತಿ ಹುಡುಕುತ್ತಾಳೆ. ಕರುಳು ಚುರ್ ಅನ್ನುತ್ತೆ.

ಹೀಗೆ ಬೇಗ ಹೋದವರು ಇದ್ದೀರಾ? ಮೊದಲು ಅರ್ಧ ದಿನ ಅಂತ ಕೇಳಿದ್ರಾ? ಉಳಿದ ರಜೆ ಆಮೇಲೆ ಸಿಕ್ಕಿತಾ? ಬಾಟಲಿ ಹೇಗೆ ರೂಢಿ ಮಾಡಿಸಿದ್ರಿ? ಶುಕ್ರವಾರದೊಳಗೆ ಉತ್ತರ ಕೊಡಬೇಕು.