ಪದಚರ್ಚೆ: ವೆಬ್ ಸ್ಕ್ರೇಪಿಂಗ್‌ಗೆ ಕನ್ನಡದಲ್ಲಿ ಏನನ್ನೋಣ? ನಾಳೆಯೇ ಬೇಕು

ಹುಬ್ಬಳ್ಳಿಯಿಂದ, ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾಳೆ ಮಧ್ಯಾಹ್ನದೊಳಗೆ ಗದಗಿನ ಪ್ರೆಸ್ಸಿಗೆ ಒಂದು ಬ್ಯಾನರಿನ ಮಜಕೂರು ಕಳಿಸಬೇಕು. ನಮ್ಮ ಕಾಲೇಜಿನ ಬಿಸಿಎ ಮಕ್ಕಳಿಗೆ ತರಬೇತಿ ಇಟ್ಟಿದ್ದೇವೆ. ಪಾಠವೆಲ್ಲ ಕನ್ನಡದಲ್ಲೇ. ವಿಷಯ ವೆಬ್ ಸ್ಕ್ರೇಪಿಂಗ್.

ಕೆಲಸ ಏನು ಅಂತ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಚರ್ಚೆ ಎಲ್ಲೆಲ್ಲೋ ಹೋಗುತ್ತದೆ. ಎಪಿಎಂಸಿ ದರ ತೋರಿಸುವ ಪುಟ ಇರುತ್ತದೆ ಅಲ್ವಾ, ಅದರಲ್ಲಿ ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ಸಾಲು ಹುಡುಕಬೇಕು. ಕಡ್ಡಿ ತಳಿ ಬೇರೆ, ಡಬ್ಬಿ ತಳಿ ಬೇರೆ. ಕನಿಷ್ಠ, ಗರಿಷ್ಠ, ಮಾದರಿ ದರ ಮೂರನ್ನೂ ತೆಗೆದು ಎಕ್ಸೆಲ್ ಹಾಳೆಗೆ ಹಾಕಬೇಕು. ಕೈಯಿಂದ ಬರೆದುಕೊಳ್ಳುವ ಕೆಲಸವನ್ನು ಪೈಥಾನ್ ಪ್ರೋಗ್ರಾಂ ಮಾಡುತ್ತದೆ. ಬಳಸುವ ಲೈಬ್ರರಿ, ಅಂದರೆ ಬೇರೆಯವರು ಮೊದಲೇ ಬರೆದಿಟ್ಟ ಕೋಡಿನ ಕಟ್ಟು, ಬ್ಯೂಟಿಫುಲ್ ಸೂಪ್.

ಬೇಕಾದ ಪದಗಳು: ಸ್ಕ್ರೇಪಿಂಗ್, ಪಾರ್ಸ್, ಲೈಬ್ರರಿ. ಕೈಪಿಡಿಗೆ ಪೇರೆಂಟ್, ಚೈಲ್ಡ್, ಸಿಬ್ಲಿಂಗ್ ಕೂಡ ಬೇಕು. ಬ್ಯಾನರಿನದ್ದು ಮೊದಲು ಹೇಳಿ, ಉಳಿದದ್ದು ಆಮೇಲೆ ನೋಡೋಣ.

ಹಾವೇರಿಯಿಂದ:

ಮೇಡಂ, ‘ಅಂತರ್ಜಾಲ ದತ್ತಾಂಶ ನಿಷ್ಕರ್ಷಣೆ’ ಅಂತ ಹಾಕಿ. ಗಂಭೀರವಾಗಿದೆ, ಕಾಲೇಜಿನ ಬ್ಯಾನರಿಗೆ ಒಪ್ಪುತ್ತದೆ. ಪಾರ್ಸ್‌ಗೆ ‘ಪದವಿಚ್ಛೇದ’, ಲೈಬ್ರರಿಗೆ ‘ಗ್ರಂಥಾಲಯ’.

ಧಾರವಾಡದಿಂದ:

ಬೇಡ. ಕನ್ನಡದಲ್ಲಿ ನಿಷ್ಕರ್ಷೆ ಅಂದರೆ ತೀರ್ಮಾನ. ಬ್ಯಾನರ್ ಓದಿದವರು ಏನೋ ನಿರ್ಣಯ ಮಾಡುವ ಸಭೆ ಇದೆ ಅಂದುಕೊಳ್ಳುತ್ತಾರೆ. ಗ್ರಂಥಾಲಯವೂ ಬೇಡ, ಅಲ್ಲಿ ಪುಸ್ತಕ ಇರುತ್ತವೆ.

ಸ್ಕ್ರೇಪ್ ಅಂದ ಕೂಡಲೇ ಕೆರೆ, ಹೆರೆ ಎರಡು ಧಾತು ನೆನಪಾಗುತ್ತವೆ. ಕೆರೆಯಿಂದ ಹೆಸರುಪದ ಮಾಡಿದರೆ ‘ಕೆರೆತ’ ಆಗುತ್ತದೆ, ಅದು ಚರ್ಮರೋಗದ ಮಾತು. ಹೆರೆಯುವುದು ಕೊಬ್ಬರಿಗೆ ಸರಿ. ಅಲ್ಲಿ ಇಡೀ ಮೇಲ್ಪದರ ಬರುತ್ತದೆ, ಬೇಕಾದ್ದು ಬೇಡಾದ್ದು ಅನ್ನುವ ಭೇದ ಇಲ್ಲ. ನಿಮ್ಮ ಕೆಲಸದಲ್ಲಿ ಆ ಭೇದವೇ ಮುಖ್ಯ.

ನನ್ನ ಸಲಹೆ ‘ಹೆಕ್ಕು’. ತಮಿಳಿನ ಪೊರುಕ್ಕು, ಮಲಯಾಳದ ಪೆರುಕ್ಕು ಇದರ ಬಂಧುಗಳು. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರ ಆದದ್ದು ಇಲ್ಲಿ ಸ್ಪಷ್ಟ. ಪಾಲು ಹಾಲಾಯಿತು, ಪಲ್ಲು ಹಲ್ಲಾಯಿತು, ಹಾಗೇ ಇದೂ. ಮೂರು ಭಾಷೆಯಲ್ಲೂ ಒಂದೊಂದಾಗಿ ನೋಡಿ ಎತ್ತಿಕೊಳ್ಳುವುದು ಅನ್ನುವ ಅರ್ಥ ಉಳಿದಿದೆ. ‘ವೆಬ್ ಹೆಕ್ಕಣೆ’ ಅಂತ ಹಾಕಿ, ಮುಗಿಯಿತು.

ಗದಗದಿಂದ:

ಮುಗಿಯಲಿಲ್ಲ ಸರ್. ಹೆಕ್ಕು ಅಂತ ನಮ್ಮ ಕಡೆ ಯಾರು ಅನ್ನುತ್ತಾರೆ? ಕರಾವಳಿಯವರ ಬಾಯಲ್ಲಿ ಕೇಳಿದ್ದೇನೆ. ಬ್ಯಾನರ್ ಹುಬ್ಬಳ್ಳಿಯಲ್ಲಿ ಕಟ್ಟುತ್ತಾರೆ. ಓದುವವರು ನವಲಗುಂದ, ಕುಂದಗೋಳ, ಶಿರಹಟ್ಟಿ ಕಡೆಯಿಂದ ಬಸ್ಸಿಗೆ ಬರುವ ಹುಡುಗ ಹುಡುಗಿಯರು. ಅವರ ಮನೆಯಲ್ಲಿ ಇರುವ ಪದ ಕೊಡಿ.

‘ಹಕ್ಕಲು’ ಇದೆಯಲ್ಲ! ಸುಗ್ಗಿ ಮುಗಿದ ಹೊಲದಲ್ಲಿ ಉಳಿದ ತೆನೆ, ಶೇಂಗಾ ಆರಿಸಿಕೊಳ್ಳುವುದು. ಅದಕ್ಕೆ ಹೊಲದವರು ಬೇಡ ಅನ್ನುವುದಿಲ್ಲ. ಬೇರೆಯವರ ಪುಟದಿಂದ ನಮಗೆ ಬೇಕಾದಷ್ಟೇ ತೆಗೆದುಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಪದ ಸಿಗಲಿಕ್ಕಿಲ್ಲ. ‘ವೆಬ್ ಹಕ್ಕಲು’. ಎರಡೇ ಪದ, ಬ್ಯಾನರಿನಲ್ಲಿ ದೊಡ್ಡ ಅಕ್ಷರದಲ್ಲಿ ಕೂರುತ್ತದೆ. ನಾನು ಪ್ರೂಫ್ ನೋಡುವವನು, ಅದನ್ನೂ ಲೆಕ್ಕಕ್ಕೆ ತಗೊಳ್ಳಬೇಕು.

ಹುಬ್ಬಳ್ಳಿಯಿಂದ, ಇನ್ನೊಬ್ಬರು:

ನಾನು ಇದೇ ಕೆಲಸ ಮಾಡುವವನು. ಹಕ್ಕಲು ಚೆಂದದ ಪದ, ಆದರೆ ಇಲ್ಲಿಗೆ ತಪ್ಪು. ಹಕ್ಕಲು ಅಂದರೆ ಒಡೆಯ ಬಿಟ್ಟು ಹೋದದ್ದು. ಪುಟದಲ್ಲಿರುವ ಮಾಹಿತಿ ಯಾರೂ ಬಿಟ್ಟು ಹೋದದ್ದಲ್ಲ. ಅದು ನಿಂತ ಬೆಳೆ. ಹಕ್ಕಲು ಅಂತ ಕಲಿಸಿದರೆ ಮಕ್ಕಳು ‘ಯಾರದ್ದಾದರೂ ತಗೋಬಹುದು’ ಅಂದುಕೊಳ್ಳುತ್ತಾರೆ.

ವೆಬ್‌ಸೈಟಿನವರು ರೋಬೋಟ್ಸ್ ಅನ್ನುವ ಒಂದು ಸಣ್ಣ ಕಡತ ಇಡುತ್ತಾರೆ. ಯಾವ ಪುಟಕ್ಕೆ ಪ್ರೋಗ್ರಾಂ ಬರಬಹುದು, ಯಾವುದಕ್ಕೆ ಬರಬಾರದು ಅಂತ ಅದರಲ್ಲಿ ಬರೆದಿರುತ್ತದೆ. 1994ರಿಂದ ಈ ರೂಢಿ ಇದೆ, 2022ರಲ್ಲಿ ಆರ್‌ಎಫ್‌ಸಿ 9309 ಎಂಬ ಇಂಟರ್‌ನೆಟ್ ಮಾನದಂಡದ ದಾಖಲೆಯೂ ಆಯಿತು. ಬ್ಯೂಟಿಫುಲ್ ಸೂಪ್ ಅದನ್ನು ಓದುವುದಿಲ್ಲ. ಓದಬೇಕಾದವರು ನಾವು. ಓದಿ, ಒಂದು ಪುಟಕ್ಕೂ ಇನ್ನೊಂದಕ್ಕೂ ನಡುವೆ ಬಿಡುವು ಕೊಟ್ಟು ಕೇಳಬೇಕು. ಇಲ್ಲವಾದರೆ ಪುಟ ಕಳಿಸುವ ಕಂಪ್ಯೂಟರ್, ಅಂದರೆ ಸಣ್ಣ ಸರ್ವರ್ ಮೇಲೆ ಹೊರೆ ಬೀಳುತ್ತದೆ, ಆ ಪುಟ ರೈತರಿಗೂ ತೆರೆಯುವುದಿಲ್ಲ.

ಇನ್ನೊಂದು ಮಾತು. ನೀವೆಲ್ಲ ಒಂದೇ ಪದ ಹುಡುಕುತ್ತಿದ್ದೀರಿ, ಕೆಲಸ ಒಂದಲ್ಲ. ಮೊದಲು ಪುಟ ತರಬೇಕು. ಅದಕ್ಕೆ ರಿಕ್ವೆಸ್ಟ್ಸ್ ಅನ್ನುವ ಬೇರೆ ಲೈಬ್ರರಿ ಇದೆ. ಬ್ಯೂಟಿಫುಲ್ ಸೂಪ್ ತಾನಾಗಿ ಇಂಟರ್‌ನೆಟ್‌ಗೆ ಹೋಗುವುದೇ ಇಲ್ಲ. ಪುಟದ ಒಂದೊಂದು ಭಾಗ ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಹೇಳುವ ಗುರುತೇ ಟ್ಯಾಗು. ತಂದ ಪುಟವನ್ನು ಟ್ಯಾಗು ಟ್ಯಾಗಾಗಿ ಬೇರ್ಪಡಿಸಬೇಕು, ಇದೇ ಪಾರ್ಸ್. ಆಮೇಲೆ ಬೇಕಾದ್ದನ್ನು ತೆಗೆದುಕೊಳ್ಳಬೇಕು. ಕೊನೆಗೆ ಬೇಡಾದ ಟ್ಯಾಗು ಕಿತ್ತು, ತಿದ್ದಿ, ಬೇರೆ ರೂಪ ಕೊಡಬೇಕು. ನಾಲ್ಕಕ್ಕೂ ನಾಲ್ಕು ಕ್ರಿಯಾಪದ ಕೊಡಿ. ಲಿಂಕಿನಿಂದ ಲಿಂಕಿಗೆ ಹೋಗುತ್ತಲೇ ಇರುವುದು ಕ್ರಾಲಿಂಗ್, ಅದು ಬೇರೆಯೇ. ಅದನ್ನು ಇದರಲ್ಲಿ ಸೇರಿಸಬೇಡಿ.

ಮೂರನೆಯದಕ್ಕೆ ನನ್ನ ಮತ ‘ಸೋಸು’. ಮೆಂತ್ಯಪಲ್ಯ ಸೋಸುವಾಗ ಎಲೆ ಒಂದು ಕಡೆ, ಕಡ್ಡಿ ಒಂದು ಕಡೆ ಆಗುತ್ತದೆ.

ಧಾರವಾಡದಿಂದ:

ಸೋಸು ಅಂದರೆ ಅರಿವೆಯಲ್ಲಿ ನೀರು ಸೋಸುವುದು ಅಂತಲೂ ಇದೆ. ದ್ವಂದ್ವ ಬರುತ್ತದೆ. ನಾನು ಹೆಕ್ಕುವನ್ನು ಬಿಡುವುದಿಲ್ಲ.

ಆದರೆ ಪಾರ್ಸ್ ವಿಷಯದಲ್ಲಿ ಈಗ ದಾರಿ ಕಾಣುತ್ತಿದೆ. ‘ಬಿಡಿಸು’. ಸಂಧಿ ಬಿಡಿಸು, ಸಮಾಸ ಬಿಡಿಸು ಅಂತ ಶಾಲೆಯಲ್ಲಿ ಹೇಳಿಕೊಡುತ್ತೇವೆ. ಲೆಕ್ಕ ಬಿಡಿಸುತ್ತೇವೆ, ಹತ್ತಿ ಬಿಡಿಸುತ್ತೇವೆ. ಬಿಡು ಧಾತುವಿನ ಪ್ರೇರಣಾರ್ಥಕ. ಕೂಡಿಕೊಂಡದ್ದನ್ನು ಅದರ ಜೋಡಣೆ ತಿಳಿಯುವ ಹಾಗೆ ಬಿಡಿಬಿಡಿ ಮಾಡುವುದು. ಇಂಗ್ಲಿಷಿನಲ್ಲೂ ಪಾರ್ಸ್ ಮೊದಲು ವ್ಯಾಕರಣದ ಪದವೇ, ಕಂಪ್ಯೂಟರಿನವರು ವ್ಯಾಕರಣದವರಾದ ನಮ್ಮಿಂದ ತೆಗೆದುಕೊಂಡರು. ‘ಪದವಿಚ್ಛೇದ’ ಬರೆದವರು ಇದನ್ನು ಗಮನಿಸಬೇಕು. ವಿಚ್ಛೇದದಲ್ಲಿ ಕಡಿಯುವುದಿದೆ, ಬಿಡಿಸುವುದರಲ್ಲಿ ಕಡಿಯುವುದಿಲ್ಲ.

ಹುಬ್ಬಳ್ಳಿಯಿಂದ, ಇನ್ನೊಬ್ಬರು:

ಬಿಡಿಸು ಒಪ್ಪಿದೆ ಸರ್. ಪಾರ್ಸರ್‌ಗೆ ‘ಬಿಡಿಸುಗ’ ಅನ್ನಬಹುದು. ಮಕ್ಕಳಿಗೆ ಒಂದು ವಿಷಯ ತೋರಿಸಲೇಬೇಕು. ಸರಿಯಾಗಿ ಮುಚ್ಚದ ಟ್ಯಾಗು ಇರುವ ಒಡೆದ ಪುಟವನ್ನು ಮೂರು ಬಿಡಿಸುಗಗಳಿಗೆ ಕೊಟ್ಟರೆ ಮೂರು ಉತ್ತರ ಬರಬಹುದು. ಪೈಥಾನ್ ಜೊತೆಗೇ ಬರುವುದು ಜೋಡಿ ಇಲ್ಲದ ಮುಚ್ಚುವ ಟ್ಯಾಗನ್ನು ಕೈಬಿಡುತ್ತದೆ, ಪುಟದ ಹೊರಚೌಕಟ್ಟಿನ ಟ್ಯಾಗು ಇಲ್ಲದಿದ್ದರೆ ತಾನಾಗಿ ಸೇರಿಸುವುದಿಲ್ಲ. ಎಲ್‌ಎಕ್ಸ್‌ಎಂಎಲ್ ಬೇಗ ಮುಗಿಸುತ್ತದೆ, ಅದೂ ಆ ಮುಚ್ಚುವ ಟ್ಯಾಗನ್ನು ಕೈಬಿಡುತ್ತದೆ, ಆದರೆ ಹೊರಚೌಕಟ್ಟು ಸೇರಿಸುತ್ತದೆ. ಎಚ್‌ಟಿಎಂಎಲ್5ಲಿಬ್ ಬ್ರೌಸರ್ ಹಾಗೆ ಇಲ್ಲದ್ದನ್ನೂ ಸೇರಿಸಿ ರಿಪೇರಿ ಮಾಡುತ್ತದೆ, ನಿಧಾನ. ಇಂಥ ಒಡೆದ ಪುಟಗಳಿಗೆ ಇಂಗ್ಲಿಷಿನಲ್ಲಿ ಟ್ಯಾಗ್ ಸೂಪ್ ಅನ್ನುತ್ತಾರೆ. ಲಿಯೊನಾರ್ಡ್ ರಿಚರ್ಡ್‌ಸನ್ 2004ರಲ್ಲಿ ಈ ಲೈಬ್ರರಿ ಹೊರತಂದದ್ದು ಅಂಥ ಪುಟಗಳಿಗಾಗಿಯೇ. ಹೆಸರನ್ನು ಅನುವಾದ ಮಾಡಬೇಡಿ, ‘ಬ್ಯೂಟಿಫುಲ್ ಸೂಪ್’ ಅಂತಲೇ ಇರಲಿ. ಮಕ್ಕಳು ಹುಡುಕಬೇಕಾದದ್ದು ಆ ಹೆಸರಿನಲ್ಲಿ.

ರಾಣೆಬೆನ್ನೂರಿನಿಂದ:

ಮೂಲ ಪ್ರಶ್ನೆಯನ್ನೇ ಎಲ್ಲರೂ ಬಿಟ್ಟಿದ್ದೀರಿ. ವೆಬ್, ಟ್ಯಾಗು, ಲೈಬ್ರರಿ, ಸರ್ವರ್, ಲಿಂಕ್ ಎಲ್ಲ ಇಂಗ್ಲಿಷ್. ನಡುವೆ ಒಂದು ‘ಬಿಡಿಸು’ ಹಾಕಿದರೆ ಅದು ಕನ್ನಡ ಆಗುವುದಿಲ್ಲ. ವೆಬ್‌ಗೆ ಜಾಲ, ಟ್ಯಾಗಿಗೆ ಗುರುತುಪಟ್ಟಿ, ಲೈಬ್ರರಿಗೆ ಕಣಜ ಅನ್ನಿ. ಇಷ್ಟೂ ಮಾಡದಿದ್ದರೆ ಕನ್ನಡದಲ್ಲಿ ಪಾಠ ಅಂತ ಬ್ಯಾನರಿನಲ್ಲಿ ಬರೆಯಬೇಡಿ.

ಗದಗದಿಂದ:

ಅಲ್ರೀ, ತಿಂಗಳ ಕೊನೆಗೆ ನೀವು ಪಗಾರ ತಗೊಳ್ಳುತ್ತೀರೋ ಇಲ್ಲವೋ? ಬಾಗಿಲಿಗೆ ಚಾವಿ ಹಾಕುತ್ತೀರೋ ಇಲ್ಲವೋ? ಎರಡೂ ಪೋರ್ಚುಗೀಸ್. ಇಲ್ಲಿ ಪ್ರಶ್ನೆ ಕೇಳಿದ ಮೇಡಂ ‘ಮಜಕೂರು’ ಬರೆದರು, ಅದು ಅರಬ್ಬಿಯಿಂದ ಬಂದದ್ದು. ಯಾರಿಗೂ ಪರಕೀಯ ಅನ್ನಿಸಲಿಲ್ಲ. ನಮ್ಮ ಭಾಗ ಮುಂಬಯಿ ಪ್ರಾಂತದಲ್ಲಿತ್ತು. ಮರಾಠಿ, ಪಾರ್ಸಿ, ಪೋರ್ಚುಗೀಸ್ ಎಲ್ಲ ನುಂಗಿಯೇ ಧಾರವಾಡದ ಕನ್ನಡ ಇಷ್ಟು ಗಟ್ಟಿಯಾಗಿ ನಿಂತಿದೆ. ಜಾಲ ಅನ್ನುವುದೂ ಸಂಸ್ಕೃತವೇ. ಇಂಗ್ಲಿಷ್ ಬೇಡ, ಸಂಸ್ಕೃತ ಬೇಕು ಅನ್ನುವುದು ಯಾವ ನ್ಯಾಯ?

ರಾಣೆಬೆನ್ನೂರಿನಿಂದ:

ಪಗಾರ ಬಂದು ಎಷ್ಟೋ ತಲೆಮಾರಾಯಿತು. ಹಳ್ಳಿಯ ಬಾಯಲ್ಲಿ ಸವೆದು ನಮ್ಮದಾಯಿತು. ಈಗಿನ ಪದಗಳಿಗೆ ಸವೆಯುವ ಪುರಸೊತ್ತೇ ಇಲ್ಲ, ದಿನಕ್ಕೊಂದು ರಾಶಿ ಬರುತ್ತಿವೆ. ತಡೆಯುವವರು ಬೇಡವಾ?

ಧಾರವಾಡದಿಂದ:

ಹೆಸರುಪದ ಬಂದರೆ ಬರಲಿ. ಕ್ರಿಯಾಪದ ಕೈಬಿಟ್ಟರೆ ಭಾಷೆ ಹೋಗುತ್ತದೆ. ‘ಸ್ಕ್ರೇಪ್ ಮಾಡು, ಪಾರ್ಸ್ ಮಾಡು, ಎಕ್ಸ್‌ಟ್ರಾಕ್ಟ್ ಮಾಡು’ ಅಂತ ಬರೆಯುತ್ತಾ ಹೋದರೆ ಕನ್ನಡಕ್ಕೆ ‘ಮಾಡು’ ಒಂದೇ ಉಳಿಯುತ್ತದೆ. ನಾನು ಹಟ ಹಿಡಿಯುವುದು ಅಲ್ಲಿ ಮಾತ್ರ. ಟ್ಯಾಗು, ವೆಬ್ ನನಗೆ ಅಡ್ಡಿಯಿಲ್ಲ.

ಹುಬ್ಬಳ್ಳಿಯಿಂದ, ಇನ್ನೊಬ್ಬರು:

ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ಹಾಗಾದರೆ ಬ್ಯೂಟಿಫುಲ್ ಸೂಪ್‌ನ ಈ ಆಜ್ಞೆಗಳನ್ನೂ ನೋಡಿ. ಡಿಕಂಪೋಸ್ ಟ್ಯಾಗನ್ನು ಕಿತ್ತು ನಾಶ ಮಾಡುತ್ತದೆ: ‘ಕಿತ್ತೆಸೆ’. ಎಕ್ಸ್‌ಟ್ರಾಕ್ಟ್ ಕಿತ್ತದ್ದನ್ನು ನಮ್ಮ ಕೈಗೆ ಕೊಡುತ್ತದೆ: ‘ತೆಗೆದಿಡು’. ಅನ್‌ರ್ಯಾಪ್ ಹೊರಗಿನ ಟ್ಯಾಗು ತೆಗೆದು ಒಳಗಿನದ್ದನ್ನು ಅಲ್ಲೇ ಉಳಿಸುತ್ತದೆ: ‘ಸುಲಿ’. ರ್ಯಾಪ್‌ಗೆ ‘ಸುತ್ತು’. ಮಕ್ಕಳು ಡಿಕಂಪೋಸ್, ಎಕ್ಸ್‌ಟ್ರಾಕ್ಟ್ ಎರಡನ್ನೂ ಸದಾ ಅದಲುಬದಲು ಮಾಡುತ್ತಾರೆ. ಕಿತ್ತೆಸೆ, ತೆಗೆದಿಡು ಅಂದರೆ ಅದಲುಬದಲು ಆಗುವುದು ಕಷ್ಟ.

ಐದನೆಯ ಒಂದು ಹಂತವನ್ನು ನಾನೇ ಬಿಟ್ಟಿದ್ದೆ, ಕನ್ನಡ ಪುಟಗಳಿಗೆ ಅದು ಬೇಕೇ ಬೇಕು. ಎಷ್ಟೋ ಹಳೆಯ ಪುಟಗಳು ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಪದ್ಧತಿಯಲ್ಲಿ, ಇರುವುದಿಲ್ಲ. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಇರುತ್ತವೆ. ಕಣ್ಣಿಗೆ ಕನ್ನಡ ಕಾಣುತ್ತದೆ, ಪ್ರೋಗ್ರಾಂ ತೆಗೆದಾಗ ಬರುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಅದನ್ನು ಪರಿವರ್ತಿಸದೆ ಮುಂದೆ ಹೋಗುವಂತಿಲ್ಲ. ಯೂನಿಕೋಡ್ ಇದ್ದರೂ ತೊಡಕು ಇದೆ. ‘ಸಾಫ್ಟ್‌ವೇರ್’ ಅನ್ನುವಲ್ಲಿ ಟಕಾರದ ಕೆಳಗೆ ವಕಾರ ಒತ್ತಾಗದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕುತ್ತಾರೆ. ಒಂದು ಪುಟದಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಓದುವವರಿಗೆ ಒಂದೇ ಪದ, ಯಂತ್ರಕ್ಕೆ ಎರಡು. ಹುಡುಕಿದರೆ ಸಿಗುವುದಿಲ್ಲ. ಸಾಲಿನ ಹಿಂದೆ ಮುಂದೆ ಇರುವ ಖಾಲಿ ಜಾಗವೂ ಹೀಗೇ ಕಾಡುತ್ತದೆ. ಈ ಹಂತಕ್ಕೆ ಪದ ಹುಡುಕುವುದೇ ಬೇಡ. ‘ಹಸನು ಮಾಡು’. ಇಲ್ಲಿ ‘ಮಾಡು’ ಇದ್ದರೂ ಸರ್ ಒಪ್ಪುತ್ತಾರೆ ಅಂದುಕೊಂಡಿದ್ದೇನೆ.

ಧಾರವಾಡದಿಂದ:

ಹಸನು ಮಾಡು ಒಪ್ಪಿದೆ. ಅದು ಜೋಳದ ಜೊತೆ ಬೆಳೆದ ಮಾತು.

ಹುಬ್ಬಳ್ಳಿಯಿಂದ, ಪ್ರಶ್ನೆ ಕೇಳಿದವಳು:

ಎಲ್ಲರಿಗೂ ಧನ್ಯವಾದ. ಪ್ರೆಸ್ಸಿನವರು ಎರಡು ಸಲ ಫೋನ್ ಮಾಡಿದರು, ಇನ್ನು ತಡೆಯಲಾಗುವುದಿಲ್ಲ.

ಬ್ಯಾನರಿಗೆ ‘ವೆಬ್ ಪುಟಗಳಿಂದ ಮಾಹಿತಿ ಆರಿಸುವುದು’ ಅಂತ ಕಳಿಸಿದ್ದೇನೆ. ಹೆಕ್ಕು ನಮ್ಮ ಮಕ್ಕಳಿಗೆ ಹೊಸದು, ಆರಿಸು ಎಲ್ಲರಿಗೂ ಗೊತ್ತು. ಅಕ್ಕಿ ಆರಿಸುವವರು ಹರಳು ಬಿಟ್ಟು ಕಾಳು ಇಟ್ಟುಕೊಳ್ಳುತ್ತಾರೆ, ಅರ್ಥ ಕೆಡುವುದಿಲ್ಲ. ಒಂದೇ ಪದದಲ್ಲಿ ಮುಗಿಸಬೇಕು ಅನ್ನುವ ಹಟ ನನಗೂ ಇತ್ತು, ಅದನ್ನು ಬಿಟ್ಟೆ. ಕೆಳಗೆ ಸಣ್ಣ ಅಕ್ಷರದಲ್ಲಿ ‘ವೆಬ್ ಸ್ಕ್ರೇಪಿಂಗ್’ ಅಂತಲೂ ಇದೆ. ಕೆಲಸ ಹುಡುಕುವಾಗ ಮಕ್ಕಳಿಗೆ ಆ ಹೆಸರೇ ಬೇಕಾಗುತ್ತದೆ.

ಕೈಪಿಡಿಯಲ್ಲಿ ತರು, ಬಿಡಿಸು, ಆರಿಸು, ಹಸನು ಮಾಡು, ತಿದ್ದು ಅನ್ನುವ ಐದು ಅಧ್ಯಾಯ. ಮೊದಲ ಅಧ್ಯಾಯದ ಮೊದಲ ಪುಟದಲ್ಲೇ ರೋಬೋಟ್ಸ್ ಕಡತ ಓದುವುದನ್ನು ಹಾಕುತ್ತೇನೆ. ನಿಂತ ಬೆಳೆ ಅಂದಿರಲ್ಲ, ಅದು ಮನಸ್ಸಿಗೆ ನಾಟಿತು. ಲೈಬ್ರರಿ ಲೈಬ್ರರಿಯಾಗಿಯೇ ಇರಲಿ.

ಪೇರೆಂಟ್, ಚೈಲ್ಡ್, ಸಿಬ್ಲಿಂಗ್ ಬಗ್ಗೆ ಯಾರೂ ಮಾತೇ ಆಡಲಿಲ್ಲ, ನಾನೇ ಹೇಳುತ್ತೇನೆ. ಹೊರಗಿನ ಟ್ಯಾಗು ತಾಯಿ, ಒಳಗಿನದ್ದು ಮಗು. ಸಿಬ್ಲಿಂಗ್‌ಗೆ ಇಂಗ್ಲಿಷಿನಲ್ಲಿ ಮುಂದಿನದು, ಹಿಂದಿನದು ಅಂತ ವಿಶೇಷಣ ಸೇರಿಸಬೇಕು. ನಮಗೆ ಅದು ಬೇಡ. ಮೊದಲು ಬಂದ ಟ್ಯಾಗು ಅಕ್ಕ, ಆಮೇಲೆ ಬಂದದ್ದು ತಂಗಿ. ಮೆಣಸಿನಕಾಯಿ ಸಾಲಿನಲ್ಲಿ ‘ಕಡ್ಡಿ’ ಅನ್ನುವ ಕೋಶ ಸಿಕ್ಕಿತು ಅಂದುಕೊಳ್ಳಿ, ಅದರ ತಂಗಿ ಕನಿಷ್ಠ ದರ. ಆದರೆ ನೇರವಾಗಿ ನೆಕ್ಸ್ಟ್ ಸಿಬ್ಲಿಂಗ್ ಕೇಳಿದರೆ ಎಷ್ಟೋ ಸಲ ಎರಡು ಟ್ಯಾಗಿನ ನಡುವಿನ ಖಾಲಿ ಸಾಲೇ ಕೈಗೆ ಬರುತ್ತದೆ, ಪುಟವನ್ನು ಬಿಡಿಸಿದಾಗ ಸಿಗುವ ವಂಶವೃಕ್ಷದಲ್ಲಿ ಅದೂ ಒಬ್ಬ ತಂಗಿಯೇ. ಟ್ಯಾಗೇ ಬೇಕಿದ್ದರೆ ಫೈಂಡ್ ನೆಕ್ಸ್ಟ್ ಸಿಬ್ಲಿಂಗ್ ಬಳಸಬೇಕು. ಇದನ್ನು ಕೈಪಿಡಿಯಲ್ಲಿ ‘ತಂಗಿ’ ಮತ್ತು ‘ತಂಗಿಟ್ಯಾಗು’ ಅಂತ ಬೇರೆ ಮಾಡಿದ್ದೇನೆ. ಅಣ್ಣ-ತಮ್ಮ ಯಾಕೆ ಬೇಡ ಅಂತ ಯಾರಾದರೂ ಕೇಳುವುದಿದ್ದರೆ, ತಾಯಿ-ಮಗು ಅಂದ ಮೇಲೆ ಅಕ್ಕ-ತಂಗಿ ಹೊಂದುತ್ತದೆ, ಅಷ್ಟೇ.

ರಾಣೆಬೆನ್ನೂರಿನಿಂದ:

ಅಕ್ಕ-ತಂಗಿ ಒಪ್ಪಿದೆ. ಲೈಬ್ರರಿ ಒಪ್ಪಿಲ್ಲ. ಕಣಜದ ಮಾತು ಬೇರೆ ಎಳೆಯಲ್ಲಿ ಎತ್ತುತ್ತೇನೆ.

ಗದಗದಿಂದ:

ಮೇಡಂ, ಪ್ರೂಫ್ ನನ್ನ ಮುಂದೆ ಇದೆ. ‘ಆರಿಸುವದು’ ಅಂತ ಬಂದಿತ್ತು, ‘ಆರಿಸುವುದು’ ಅಂತ ತಿದ್ದಿದ್ದೇನೆ. ಸಂಜೆ ಬಸ್ಸಿಗೆ ಹಾಕುತ್ತೇವೆ.